ಮೈಸೂರು ನಗರದ ವಸತಿ: ನಿವೇಶನವೂ ನೆಲೆಯೂ

೧೯೦೫ನೆಯ ಇಸವಿಯಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಓಲೆಕಟ್ಟುಗಳ ನಡುವೆ ಪಂಡಿತ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯು ದೊರೆತ ಸಂಗತಿಯು ಸರ್ವವಿದಿತವಾಗಿದೆ. ೧೯೦೯ರಲ್ಲಿ ಅದು ಅಚ್ಚಾದ ಮೇಲೆ ಅದರೊಳಗಿನ ಮಂಡಲನೀತಿ, ಗೂಢಚಾರರ ಏರ್ಪಾಡು, ದುರ್ಗರಚನೆ ಮೊದಲಾದ ವಿಷಯಗಳನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುತ್ತಾರೆ. ಆದರೆ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ ಮನೆಮಾರುಗಳನ್ನು ಕುರಿತ ಭಾಗದೊಳಗೆ ಅಡಗಿರುವ ಒಂದು ಚಿಕ್ಕ ವಿಧಿಯನ್ನು ಸಾಮಾನ್ಯ ವಾಚಕರು ಗಮನಿಸಿರುವುದು ವಿರಳ. ಬಿಡೆಂದು ಹೇಳಿದ ಮೇಲೂ ಪರರ ಮನೆಯಲ್ಲಿ ವಾಸವಾಗಿರುವವನಿಗೆ ಹನ್ನೆರಡು ಪಣ ದಂಡ. ಬಾಡಿಗೆಯನ್ನು ಸಲ್ಲಿಸಿರುವವನನ್ನು ಹೊರಕ್ಕೆ ತಳ್ಳಿದ ಒಡೆಯನಿಗೂ ಅಷ್ಟೇ ದಂಡ. ಬಾಡಿಗೆದಾರನು ಬೈಗುಳು ಬಡಿತ, ಕಳವು, ಬಲಾತ್ಕಾರದ ಅಪಹಾರ, ಸ್ತ್ರೀಸಂಗ್ರಹಣ ಅಥವಾ ಸುಳ್ಳು ಹಕ್ಕಿನ ಅನುಭೋಗ ಇವುಗಳಲ್ಲಿ ಸಿಕ್ಕಿದವನಾದರೆ ಮಾತ್ರ ಒಡೆಯನಿಗೆ ವಿನಾಯಿತಿಯುಂಟು. ತಾನಾಗಿ ಬಿಟ್ಟು ಹೋಗುವವನು ಆ ವರ್ಷದ ಉಳಿದ ಬಾಡಿಗೆಯನ್ನು ತೆತ್ತು ಹೋಗತಕ್ಕದ್ದು. ಬಾಡಿಗೆಗೆ ಅಲ್ಲಿ 'ಅವಕ್ರಯ'ವೆಂದು ಹೆಸರು.

ಈ ಗ್ರಂಥವು ಬೆಳಕಿಗೆ ಬರುವುದಕ್ಕೆ ಎರಡು ವರ್ಷ ಮುಂಚೆ, ೧೯೦೩ರಲ್ಲಿ, ಅದೇ ನಗರಕ್ಕಾಗಿ ಮೈಸೂರು ಸಂಸ್ಥಾನದ ಸರ್ಕಾರವು ನಗರ ಸುಧಾರಣೆಯ ರೆಗ್ಯುಲೇಷನ್ ಒಂದನ್ನು ಹೊರಡಿಸಿತು. ಜನರ ವಸತಿಗಾಗಿ ಸರ್ಕಾರದ ಬೊಕ್ಕಸದಿಂದ ವೆಚ್ಚಮಾಡುವ ಹೊಣೆಯು ಅಂದಿನಿಂದ ಒಂದು ಸ್ಥಿರವಾದ ಸಂಸ್ಥೆಯ ಕೈಗೆ ಬಂದಿತು. ಓಲೆಯಲ್ಲಿದ್ದ ವಿಧಿಯು ಬಾಡಿಗೆಯವನ ನೆಲೆಯನ್ನು ಕಾಪಾಡುವುದು. ಹೊಸ ರೆಗ್ಯುಲೇಷನ್ನು ನೆಲವನ್ನು ಹಸನುಮಾಡಿ ಹಂಚುವುದು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಮೈಸೂರು ನಗರವು ಎರಡನೆಯದನ್ನು ಬಹು ಚೆನ್ನಾಗಿ ನಡೆಸಿತು. ಮೊದಲನೆಯದನ್ನು ಬಹುಮಟ್ಟಿಗೆ ಮರೆಯಿತು. ಇವೆರಡರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡುವುದು ಯುಕ್ತವಾಗಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದ ಮೇಲೆ ಮೈಸೂರು ಮರಳಿ ಅರಸರ ನಗರವಾಯಿತು. ಕೋಟೆಯೊಳಗೆ ಅರಮನೆ, ಅರಮನೆಯ ಸುತ್ತಲೂ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಕೋಟೆಯ ಹೊರಗೆ ಪೇಟೆಗಳು, ಅಗ್ರಹಾರಗಳು, ದಂಡಿನವರ ಕೇರಿಗಳು, ಕೆಲಸಗಾರರ ಹಟ್ಟಿಗಳು. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಊರಿಗೆ ತರಬೇಕೆಂದು ತೋಡಿಸಿದ ನಾಲೆಯು ಆ ಉದ್ದೇಶಕ್ಕೆ ಒದಗದೆ, ಕಾಲಕ್ರಮದಲ್ಲಿ ಊರಿನ ಕೊಳೆಯನ್ನೆಲ್ಲ ಹೊತ್ತು ಹರಿಯುವ ಕಾಲುವೆಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಊರೊಳಗಿನ ಆ ನಾಲೆಯನ್ನು ಮುಚ್ಚಿಸಿದರು. ಅದರ ಮೇಲೆ ಎದ್ದದ್ದೇ ಸಯ್ಯಾಜಿರಾವ್ ರಸ್ತೆ. ಇಂದು ದಸರಾ ಮೆರವಣಿಗೆಯು ಸಾಗುವ ಬೀದಿಯ ಬುಡದಲ್ಲಿ ಒಂದು ಕೊಳಚೆಯ ಕಾಲುವೆಯಿದ್ದಿತೆಂಬುದನ್ನು ನೆನೆದರೆ, ಸಾರ್ವಜನಿಕ ವೆಚ್ಚವು ಊರಿನ ರೂಪವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದೆಂಬುದು ತಿಳಿಯುವುದು.

ಆದರೆ ಊರಿನ ವಿಧಿಯನ್ನು ನಿಜವಾಗಿ ತಿರುಗಿಸಿದ್ದು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿಯು ೧೮೯೮ರಲ್ಲಿ ಬೆಂಗಳೂರಿಗೂ ಅಲ್ಲಿಂದ ಮೈಸೂರಿಗೂ ಬಂದಿತು. ಸಂಸ್ಥಾನದ ಪ್ಲೇಗ್ ಕಮಿಷನರಾಗಿ ನಿಯಮಿತರಾದ ವಿ. ಪಿ. ಮಾಧವರಾಯರು ಮುಂದೆ ದಿವಾನರಾದರು. ಜನರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಗಾಳಿಬೆಳಕುಗಳಿಗಾಗಿ ಮಾಡುಗಳ ಹೆಂಚನ್ನು ತೆಗೆಸುವುದು, ಗೋಡೆಗಳಿಗೆ ಔಷಧವನ್ನು ಬಳಿಸುವುದು, ಸೋಂಕಿದವರನ್ನು ಬೇರೆಯ ಕ್ಯಾಂಪಿಗೆ ಸಾಗಿಸುವುದು ಇವೇ ಮೊದಲಾದ ಕ್ರಮಗಳು ನಡೆದವು. ಆ ಮಾರಿಯಿಂದ ನಗರದ ಅರ್ಧ ಜನವೇ ಅಳಿಯಿತೆಂದು ಕೆಲವೆಡೆ ಬರೆದಿರುವುದುಂಟು. ಜನಗಣತಿಯು ಅದನ್ನು ಸಮರ್ಥಿಸುವುದಿಲ್ಲ. ೧೮೯೧ರಲ್ಲಿ ೭೪,೦೪೮ ಇದ್ದ ಜನಸಂಖ್ಯೆಯು ೧೯೦೧ರಲ್ಲಿ ೬೮,೧೧೧ ಆಯಿತು. ಬೆಳೆಯಬೇಕಾಗಿದ್ದ ರಾಜಧಾನಿಯು ಹತ್ತು ವರ್ಷಗಳಲ್ಲಿ ಕುಗ್ಗಿತೆಂಬುದೇ ಸಾಕಷ್ಟು ಭಯಂಕರವಾದ ಸಂಗತಿ. ಅದಕ್ಕೆ ಉತ್ಪ್ರೇಕ್ಷೆಯು ಬೇಕಾಗಿಲ್ಲ.

ಇದರ ನಡುವೆ ೧೮೯೭ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಗಿ, ಹೊಸ ಅರಮನೆಯ ಕೆಲಸವು ಮೊದಲಾಗಿತ್ತು. ಕೋಟೆಯೊಳಗಣ ಇಕ್ಕಟ್ಟಾದ ಮನೆಗಳನ್ನು ತೆಗೆಸಿ ಅಲ್ಲಿಯ ನಿವಾಸಿಗಳಿಗೆ ಹೊರಗೆ ಜಾಗವನ್ನು ಕಲ್ಪಿಸಬೇಕಾಯಿತು. ೧೯೦೨ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ತಾಯಿಯವರಾದ ವಾಣೀವಿಲಾಸ ಸನ್ನಿಧಾನದವರಿಂದ ರಾಜ್ಯಭಾರವನ್ನು ವಹಿಸಿಕೊಂಡರು. ಮರುವರ್ಷವೇ ನಗರ ಸುಧಾರಣೆಯ ರೆಗ್ಯುಲೇಷನ್ನು ಬಂದಿತು. ಅದರ ಮೇರೆಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಇದು ಏಷ್ಯಾಖಂಡದಲ್ಲಿಯೇ ಮೊದಲನೆಯದೆಂದು ಊರಿನ ಅಭಿಮಾನಿಗಳು ಹೇಳುವುದುಂಟು. ಮುಂಬಯಿಯ ಟ್ರಸ್ಟು ೧೮೯೮ರಲ್ಲಿಯೇ ಹುಟ್ಟಿದ್ದಿತಾದ ಕಾರಣ ಆ ಮಾತು ಪೂರ್ತಿಯಾಗಿ ನಿಲ್ಲದು. ಮೊದಮೊದಲಿನವುಗಳಲ್ಲಿ ಒಂದೆಂದರೆ ಸತ್ಯಕ್ಕೂ ಲೋಪವಿಲ್ಲ, ಅಭಿಮಾನಕ್ಕೂ ಕೊರತೆಯಿಲ್ಲ. ಬೆಂಗಳೂರಿಗೆ ಇಂಥ ಬೋರ್ಡು ದೊರೆತದ್ದು ೧೯೪೫ರಲ್ಲಿ.

ಬೋರ್ಡಿನ ಕಾರ್ಯಕ್ರಮವು ಸರಳವಾಗಿದ್ದಿತು. ಊರ ಅಂಚಿನ ಹೊಲಗಳನ್ನು ಪರಿಹಾರವನ್ನು ಕೊಟ್ಟು ವಶಪಡಿಸಿಕೊಳ್ಳುವುದು. ರಸ್ತೆ, ಚರಂಡಿ, ನೀರಿನ ಕೊಳವೆ, ಮಕ್ಕಳು ಆಡತಕ್ಕ ಬಯಲು ಇವುಗಳಿಗೆ ಮೊದಲು ಸ್ಥಳವನ್ನು ಬಿಡುವುದು. ಉಳಿದ ನೆಲವನ್ನು ಅಳತೆಯ ಪ್ರಕಾರ ನಿವೇಶನಗಳಾಗಿ ಹಂಚುವುದು. ಅದರಿಂದ ಬಂದ ಹಣವನ್ನು ಮುಂದಿನ ಬಡಾವಣೆಗೆ ತೊಡಗಿಸುವುದು. ಹೊಲದ ಬೆಲೆಗೆ ಬಂದ ನೆಲಕ್ಕೆ ಬೀದಿಯೂ ನೀರೂ ಬಂದೊಡನೆ ಮನೆಯ ನೆಲದ ಬೆಲೆ ಬರುವುದಷ್ಟೆ. ಆ ವೃದ್ಧಿಯು ಒಬ್ಬ ವ್ಯಾಪಾರಿಯ ಪೆಟ್ಟಿಗೆಗೆ ಹೋಗದೆ ಊರಿನ ಕೆಲಸಕ್ಕೇ ಮರಳಬೇಕೆಂಬುದು ಈ ಏರ್ಪಾಡಿನ ತಿರುಳು. ಚಾಮರಾಜಪುರ, ಲಕ್ಷ್ಮೀಪುರ, ದಿವಾನ್ ಪಿ. ಎನ್. ಕೃಷ್ಣಮೂರ್ತಿಗಳ ಹೆಸರನ್ನು ಹೊತ್ತ ಕೃಷ್ಣಮೂರ್ತಿಪುರ, ಒಂಟಿಕೊಪ್ಪಲಿನ ಬಳಿಯ ವಾಣೀವಿಲಾಸ ಮೊಹಲ್ಲ, ಜಯಲಕ್ಷ್ಮೀಪುರ, ಯಾದವಗಿರಿ, ಸರಸ್ವತೀಪುರ ಹೀಗೆ ಒಂದೊಂದಾಗಿ ಬಡಾವಣೆಗಳು ಎದ್ದವು.

ಈ ಬಡಾವಣೆಗಳ ಗುಣವನ್ನು ತಿಳಿಯಬೇಕಾದರೆ ಕೃಷ್ಣಮೂರ್ತಿಪುರದಂಥ ಹಳೆಯ ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ನಡೆದು ನೋಡಬೇಕು. ನೆಟ್ಟನೆಯ ಬೀದಿ, ಮುಂದೆ ಹೂವಿನ ಗಿಡಗಳಿಗೆ ಜಾಗ, ಜಗಲಿ, ನಡುಮನೆ, ಹಿತ್ತಿಲು, ಹಿತ್ತಿಲಿನಲ್ಲಿ ತೆಂಗು, ಕರಿಬೇವು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕಿರಿದಾದ ಒಂದು ಓಣಿ. ಇದನ್ನು ಜನರು ಇಂದಿಗೂ ಕನ್ಸರ್ವೆನ್ಸಿ ಎನ್ನುವರು. ಪ್ಲೇಗಿನ ಭಯದಿಂದ ಕಲಿತ ಪಾಠವೆಲ್ಲ ಈ ನಕ್ಷೆಯಲ್ಲಿದೆ: ಮನೆಗೆ ನಾಲ್ಕು ಕಡೆಯಿಂದ ಗಾಳಿ, ಕೊಳೆಗೆ ಬೇರೆಯ ದಾರಿ. ೧೯೦೧ರಿಂದ ೧೯೨೧ರವರೆಗೆ ನಗರದ ಜನವು ಹದಿನಾರು ಸಾವಿರದಷ್ಟು ಮಾತ್ರ ಹೆಚ್ಚಿದುದರಿಂದ, ಆ ಎರಡು ದಶಕಗಳಲ್ಲಿ ಹರಡಿದ ಬಡಾವಣೆಗಳು ಹಳೆಯ ಕೇರಿಗಳ ಒತ್ತಡವನ್ನು ನಿಜವಾಗಿಯೂ ಇಳಿಸಿದುವೆಂದು ಹೇಳಬಹುದು. ಗುಮಾಸ್ತ, ಉಪಾಧ್ಯಾಯ, ವಕೀಲ ಮೊದಲಾದ ಮಧ್ಯಮ ವರ್ಗದವರ ಸಂಸಾರಗಳು ಬದುಕಿನಲ್ಲಿ ಮೊದಲ ಬಾರಿಗೆ ತಮ್ಮದೆನ್ನಬಹುದಾದ ನೆಲದ ಮೇಲೆ ನಿಂತದ್ದು ಈ ಬೋರ್ಡಿನ ಪ್ರಸಾದದಿಂದಲೇ.

ಚರಿತ್ರಕಾರನು ಇಲ್ಲಿಗೆ ನಿಲ್ಲಿಸಿದರೆ ಕಥೆಯು ಮಂಗಳಾರತಿಯಲ್ಲಿ ಮುಗಿಯುವುದು. ಆದರೆ ಆ ಹಿತ್ತಿಲ ಓಣಿಯಲ್ಲಿ ಬೆಳಗಿನ ಜಾವ ಮಲವನ್ನು ಹೊತ್ತು ನಡೆಯುತ್ತಿದ್ದವರಿಗೆ ಆ ಬಡಾವಣೆಯಲ್ಲಿ ಮನೆಯಿದ್ದಿತೆ? ಬೀದಿಯ ಕಡೆಯಿಂದ ಅವರಿಗೆ ಪ್ರವೇಶವಿರದಂತೆ ನಕ್ಷೆಯೇ ರಚಿತವಾಗಿದ್ದಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯು ಕರ್ನಾಟಕದಲ್ಲಿ ನಿಷೇಧವಾದದ್ದು ೧೯೭೦ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ. ನಗರದ ದಕ್ಷಿಣದಲ್ಲಿ ಆದಿಕರ್ನಾಟಕಪುರವೆಂಬ ಬೇರೆಯ ಬಡಾವಣೆಯಿದ್ದಿತು. ಇಂದು ಅದು ಅಶೋಕಪುರವೆಂದು ಪ್ರಸಿದ್ಧವಾಗಿದೆ. ರೈಲ್ವೆ ಕಾರ್ಖಾನೆಯ ನೆರೆಯಲ್ಲಿ ಬೆಳೆದ ಆ ಕೇರಿಯ ಜನರು ವಿದ್ಯೆಯಿಂದಲೂ ಸಂಘಟನೆಯಿಂದಲೂ ಮುಂದಕ್ಕೆ ಬಂದರೆಂಬುದು ಸಂತೋಷದ ವಿಷಯ. ಆದರೂ ಹೊಸ ನಕ್ಷೆಯಲ್ಲಿಯೂ ಹಳೆಯ ಕೇರಿಭೇದವು ಉಳಿಯಿತೆಂಬುದನ್ನು ಮರೆಮಾಚಲಾಗದು.

ಎರಡನೆಯ ಋಣವು ಕೊಪ್ಪಲುಗಳದು. ಒಂಟಿಕೊಪ್ಪಲು, ಪಡುವಾರಹಳ್ಳಿ, ಕನ್ನೇಗೌಡನಕೊಪ್ಪಲು, ತೊಣಚಿಕೊಪ್ಪಲು ಇವೆಲ್ಲ ಒಕ್ಕಲುತನದ ಹಳ್ಳಿಗಳಾಗಿದ್ದು, ಈಗ ನಗರದ ಹೊಟ್ಟೆಯೊಳಗೆ ಸೇರಿವೆ. ಸುತ್ತಣ ಬಡಾವಣೆಗಳ ಬೀದಿಗಳು ಅಗಲವಾಗಿರುವಾಗ ಇವುಗಳ ಓಣಿಗಳು ಹಳ್ಳಿಯ ಓಣಿಗಳಾಗಿಯೇ ಉಳಿದಿವೆ. ಹೊಲವನ್ನು ಕೊಟ್ಟವನಿಗೆ ಒಂದು ಸಲ ಪರಿಹಾರ ದೊರೆಯಿತು. ಆ ಹೊಲದ ಮೇಲೆ ನಿವೇಶನವನ್ನು ಕೊಂಡವನಿಗೆ ತಲೆಮಾರುಗಳವರೆಗೆ ವೃದ್ಧಿ ದೊರೆಯಿತು. ೧೯೧೪ರಲ್ಲಿ ಭಾರತಕ್ಕೆ ಬಂದು ಅನೇಕ ನಗರಗಳನ್ನು ಪರೀಕ್ಷಿಸಿದ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು, ಅಂದಿನ ಸುಧಾರಣಾ ಪದ್ಧತಿಯು ಬಡವರ ಕೇರಿಗಳನ್ನು ಕೆಡವುವುದರಲ್ಲಿ ಚುರುಕಾಗಿದ್ದು ಅವರನ್ನು ಎಲ್ಲಿ ಇಡಬೇಕೆಂಬುದನ್ನು ಯೋಚಿಸುವುದಿಲ್ಲವೆಂದು ಆಕ್ಷೇಪಿಸಿದರು. ಒಂದು ಕೇರಿಯಿಂದ ಎದ್ದವರು ಪಕ್ಕದ ಕೇರಿಯಲ್ಲಿ ಇನ್ನಷ್ಟು ಒತ್ತೊತ್ತಾಗಿ ಕೂಡುವರೇ ಹೊರತು ಮಾಯವಾಗುವುದಿಲ್ಲವೆಂಬುದು ಆ ಆಕ್ಷೇಪದ ಸಾರ.

ನಿವೇಶನವನ್ನು ಕೊಳ್ಳಲಾರದವರು ಎಲ್ಲಿಗೆ ಹೋದರು? ಬಹುಪಾಲು ವಠಾರಗಳಿಗೆ. ೧೯೨೧ರಲ್ಲಿ ೮೩,೯೫೧ ಇದ್ದ ನಗರದ ಜನವು ೧೯೪೧ರ ಹೊತ್ತಿಗೆ ೧,೫೦,೫೪೦ಕ್ಕೆ ಏರಿತು. ವಿಶ್ವವಿದ್ಯಾನಿಲಯ, ಗಿರಣಿ, ಕಚೇರಿಗಳು ಜನರನ್ನು ಕರೆತಂದುವು. ಮನೆಗಳು ಅದೇ ವೇಗದಲ್ಲಿ ಏಳಲಿಲ್ಲ. ಬೀದಿಯ ಕಡೆಗೆ ಒಡೆಯನ ದೊಡ್ಡ ಮನೆ. ಪಕ್ಕದ ಕಿರುಬಾಗಿಲಿನಿಂದ ಒಳಹೊಕ್ಕರೆ ನಡುವೆ ತೆರೆದ ಅಂಗಳ. ಎರಡು ಬದಿಯಲ್ಲಿಯೂ ನಾಡಹೆಂಚಿನ ಸಾಲುಮನೆಗಳು. ಒಂದು ಸಂಸಾರಕ್ಕೆ ಒಂದು ಕೋಣೆ, ಅದಕ್ಕೆ ತಾಗಿದ ಅಡಿಗೆಯ ಗೂಡು. ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ಒಂದು ನಲ್ಲಿ. ಹಿಂದೆ ಒಂದೋ ಎರಡೋ ಪಾಯಖಾನೆ. ನಲ್ಲಿಯ ಮುಂದೆ ಬೆಳಗಿನ ಜಾವವೇ ಬಿಂದಿಗೆಗಳ ಸಾಲು. ಬಾಣಂತನವೂ ವೈದಿಕವೂ ಮಕ್ಕಳ ಪರೀಕ್ಷೆಯ ಓದೂ ಅದೇ ಅಂಗಳದ ಸುತ್ತ ನಡೆಯಬೇಕು. ಅಲ್ಲಿ ಪರಸ್ಪರ ನೆರವಿಗೂ ಕೊರತೆಯಿರಲಿಲ್ಲ; ಒಬ್ಬರ ಮನೆಯ ಹುಳಿ ಇನ್ನೊಬ್ಬರ ಎಲೆಗೆ ಬರುತ್ತಿದ್ದಿತು. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣರವರ 'ಮಿಸ್ಟರ್ ಸಂಪತ್' ಎಂಬ ಇಂಗ್ಲಿಷ್ ಕಾದಂಬರಿಯು ೧೯೪೯ರಲ್ಲಿ ಪ್ರಕಟವಾಯಿತು. ಒಂದೇ ನಲ್ಲಿಯನ್ನು ಹಂಚಿಕೊಂಡು ಬಾಳುವ ಹಲವು ಸಂಸಾರಗಳೂ, ದುರಸ್ತಿಯ ಮಾತೆತ್ತಿದರೆ ಜಾರಿಕೊಳ್ಳುವ ಜಿಪುಣ ಒಡೆಯನೂ ಅದರಲ್ಲಿ ಕಾಣಿಸಿಕೊಳ್ಳುವುದು ಅಕಸ್ಮಾತ್ತಲ್ಲ.

ವಠಾರದ ದೊಡ್ಡ ಕಷ್ಟವು ಇಕ್ಕಟ್ಟಲ್ಲ, ಅನಿಶ್ಚಯ. ಹೆಚ್ಚಿನ ಕರಾರುಗಳು ಬಾಯಿಮಾತಿನವು, ಬಾಡಿಗೆಯು ತಿಂಗಳಿನದು. ಆಸ್ತಿ ವರ್ಗಾವಣೆಯ ಕಾಯಿದೆಯ ಸಾಮಾನ್ಯ ನಿಯಮದಂತೆ, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯವನಿಗೆ ಹದಿನೈದು ದಿನಗಳ ನೋಟೀಸು ಸಾಕು. ಕೌಟಿಲ್ಯನ ವಿಧಿಯು ವರ್ಷವನ್ನು ಅಳತೆಗೋಲಾಗಿ ಇಟ್ಟುಕೊಂಡು, ಸಲ್ಲಿಸಿದವನನ್ನು ತಳ್ಳಿದ ಒಡೆಯನಿಗೆ ದಂಡವನ್ನು ಹೇಳಿದ್ದರೆ, ಎರಡು ಸಾವಿರ ವರ್ಷಗಳ ತರುವಾಯದ ಕಾಯಿದೆಯು ಒಂದು ಪಕ್ಷವನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ನಲ್ಲಿಯ ವಿಷಯಕ್ಕೆ ಒಡೆಯನೊಡನೆ ಮಾತು ಬೆಳೆಸಿದರೆ ಮಗುವಿನ ಶಾಲೆಯೇ ಬದಲಾಗಬೇಕಾದೀತೆಂಬ ಭಯವಿರುವ ಗೃಹಸ್ಥನು ಎಂತಹ ನಾಗರಿಕನಾದಾನು? ಹೆಂಚು ಸೋರಿದರೂ ಅವನು ಸುಮ್ಮನಿರುವನು. ಚರಂಡಿ ಕಟ್ಟಿದರೂ ಸುಮ್ಮನಿರುವನು.

ಈ ಭಯಕ್ಕೆ ಪರಿಹಾರವಾಗಿ ಬಂದದ್ದು ಬಾಡಿಗೆ ನಿಯಂತ್ರಣ. ಎರಡನೆಯ ಮಹಾಯುದ್ಧದ ಅಭಾವದ ಬಳಿಕ, ೧೯೫೧ರಲ್ಲಿ ಮೈಸೂರು ರಾಜ್ಯದಲ್ಲಿ ಮನೆಬಾಡಿಗೆಯ ನಿಯಂತ್ರಣದ ಕಾಯಿದೆಯೂ, ರಾಜ್ಯದ ಏಕೀಕರಣದ ತರುವಾಯ ೧೯೬೧ರಲ್ಲಿ ಇನ್ನೊಂದು ವಿಸ್ತಾರವಾದ ಕಾಯಿದೆಯೂ ಬಂದುವು. ಖಾಲಿಯಾದ ಮನೆಯನ್ನು ಒಡೆಯನು ಕಂಟ್ರೋಲರಿಗೆ ತಿಳಿಸಬೇಕು, ನ್ಯಾಯಬಾಡಿಗೆಯನ್ನು ಗೊತ್ತುಮಾಡಬಹುದು, ಬಾಡಿಗೆಯ ಬಾಕಿ, ಒಳಬಾಡಿಗೆ, ನೆರೆಯವರಿಗೆ ಉಪದ್ರವ, ಒಡೆಯನ ನಿಜವಾದ ಸ್ವಂತ ಅಗತ್ಯ ಇತ್ಯಾದಿ ನಿಯತ ಕಾರಣಗಳಿಲ್ಲದೆ ಬಿಡಿಸಕೂಡದು. ಇವುಗಳನ್ನು ಅರ್ಥಶಾಸ್ತ್ರದ ಅಪವಾದಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಸಾಮ್ಯವು ಸ್ಪಷ್ಟವಾಗಿದೆ. ಸ್ವಂತ ಅಗತ್ಯವೆಂಬ ಕಾರಣವೊಂದು ಮಾತ್ರ ಕೌಟಿಲ್ಯನ ಅಪವಾದಗಳಲ್ಲಿಲ್ಲ.

ಕಾಯಿದೆಯಿಂದ ಎಷ್ಟೋ ಸಂಸಾರಗಳು ನೆಮ್ಮದಿಯನ್ನು ಕಂಡುವು. ಆದರೆ ಹೊಸ ಮನೆಯನ್ನು ಕಟ್ಟುವ ಶಕ್ತಿಯು ಬರಿಯ ನಿಷೇಧಕ್ಕಿಲ್ಲ. ಬಾಡಿಗೆಯು ಹಳೆಯದಾಗಿಯೇ ನಿಂತಾಗ ಒಡೆಯನು ದುರಸ್ತಿಯನ್ನು ಬಿಟ್ಟನು. ಕೆಲವರು ಮನೆಗೆ ಬೀಗ ಹಾಕುವುದೇ ಲೇಸೆಂದುಕೊಂಡರು. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿತು. ಒಡೆಯನ ಪಕ್ಷದಲ್ಲಿಯೂ ನ್ಯಾಯವಿದೆ. ಒಂದೇ ವಠಾರದ ಬಾಡಿಗೆಯನ್ನು ನಂಬಿಕೊಂಡ ವಿಧವೆಗೆ ಹತ್ತು ವರ್ಷಗಳ ವ್ಯಾಜ್ಯವು ಸಣ್ಣ ಸಂಕಟವಲ್ಲ. ಇನ್ನು ಭೋಗ್ಯವೆಂಬ ಪದ್ಧತಿಯು ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಬಹಳ ಪ್ರಚುರವಾಗಿದೆ. ದೊಡ್ಡ ಮೊತ್ತವನ್ನು ಮುಂಗಡವಾಗಿ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ವಾಸಿಸುವುದು, ಬಿಡುವಾಗ ಮೊತ್ತವನ್ನು ಹಿಂದಕ್ಕೆ ಪಡೆಯುವುದು. ಹಣವುಳ್ಳವನಿಗೆ ಇದು ಅನುಕೂಲ. ಒಡೆಯನು ಆ ಹಣವನ್ನು ಕಳೆದುಕೊಂಡಿದ್ದರೆ ನೆಲೆಯೂ ಹಣವೂ ಒಟ್ಟಿಗೆ ಹೋಗುವ ಅಪಾಯ. ೧೯೬೧ರ ಕಾಯಿದೆಯ ಸ್ಥಾನದಲ್ಲಿ ೧೯೯೯ರ ಬಾಡಿಗೆ ಕಾಯಿದೆಯು ೨೦೦೧ರ ಡಿಸೆಂಬರ್ ಕೊನೆಯಲ್ಲಿ ಜಾರಿಗೆ ಬಂದಿತು.

ನಿಷೇಧದೊಡನೆ ನಿರ್ಮಾಣವೂ ಸೇರಿದರೆ ಏನಾಗುವುದೆಂಬುದಕ್ಕೆ ಪರದೇಶಗಳಲ್ಲಿ ನಿದರ್ಶನಗಳಿವೆ. ಬ್ರಿಟನ್ನಿನಲ್ಲಿ ೧೯೧೯ರ ಕಾಯಿದೆಯು ಊರಿನ ಕೌನ್ಸಿಲುಗಳ ಮೇಲೆ ಮನೆ ಕಟ್ಟಿಸುವ ಕರ್ತವ್ಯವನ್ನು ಹೊರಿಸಿ ಬೊಕ್ಕಸದ ನೆರವನ್ನೂ ಒದಗಿಸಿತು. ಮನೆಗಳು ಕೌನ್ಸಿಲಿನವು, ವಾಸಿಸುವವರು ಬಾಡಿಗೆದಾರರು. ವಿಯೆನ್ನಾ ನಗರಸಭೆಯು ೧೯೨೩ರಲ್ಲಿ ಮನೆತೆರಿಗೆಯೊಂದನ್ನು ವಿಧಿಸಿ, ೧೯೩೪ರ ವೇಳೆಗೆ ಅರುವತ್ತು ಸಾವಿರದಷ್ಟು ವಸತಿಗಳನ್ನು ಕಟ್ಟಿಸಿತು. ಬ್ರಿಟನ್ನಿನ ೧೯೮೦ರ ಕಾಯಿದೆಯು ವಿಚಿತ್ರವಾದದ್ದು: ಕೌನ್ಸಿಲಿನ ಬಾಡಿಗೆದಾರರಿಗೆ ಭದ್ರವಾದ ಗೇಣಿಹಕ್ಕನ್ನು ಬರೆದುಕೊಟ್ಟ ಅದೇ ಕಾಯಿದೆಯು ಆ ಮನೆಗಳನ್ನು ಅವರಿಗೆ ಕ್ರಯಕ್ಕೆ ಕೊಡುವ ಮಾರ್ಗವನ್ನೂ ತೆರೆಯಿತು. ಮಾರಿದ ಮನೆಗಳ ಸ್ಥಾನದಲ್ಲಿ ಅಷ್ಟೇ ಮನೆಗಳು ಏಳಲಿಲ್ಲ. ತರುವಾಯ ಬಂದ ಬಡವನಿಗೆ ಕೌನ್ಸಿಲಿನ ಬಾಗಿಲು ಕಿರಿದಾಯಿತು.

ನಮ್ಮಲ್ಲಿ ಆ ಬಾಗಿಲು ಅಗಲವಾಗಿ ತೆರೆದದ್ದೇ ಇಲ್ಲ. ೧೯೫೨ರಲ್ಲಿ ಕೇಂದ್ರ ಸರ್ಕಾರವು ಕೈಗಾರಿಕೆಯ ಕೆಲಸಗಾರರಿಗೆ ಸಹಾಯಧನದ ಬಾಡಿಗೆಮನೆಗಳ ಯೋಜನೆಯನ್ನು ಹೊರಡಿಸಿತು. ೧೯೬೨ರ ಕಾಯಿದೆಯ ಮೇರೆಗೆ ರಚಿತವಾದ ವಸತಿ ಮಂಡಲಿಯು ಹೂಟಗಳ್ಳಿ ಮೊದಲಾದೆಡೆ ಮನೆಗಳನ್ನು ಕಟ್ಟಿತು. ಅವು ಬಹುಮಟ್ಟಿಗೆ ಕಂತಿನ ಮೇಲೆ ಮಾರುವ ಮನೆಗಳು. ಪೊಲೀಸರಿಗೆ, ರೈಲ್ವೆಯವರಿಗೆ, ಸರ್ಕಾರಿ ನೌಕರರಿಗೆ ವಸತಿಗೃಹಗಳಿದ್ದರೂ ಅವು ನೌಕರಿಯೊಡನೆ ಬಂದು ನೌಕರಿಯೊಡನೆ ಹೋಗತಕ್ಕವು. ೧೯೭೩ರಲ್ಲಿ ಕೊಳಚೆ ಪ್ರದೇಶಗಳ ಕಾಯಿದೆಯೂ, ೧೯೭೪ರಲ್ಲಿ ಇದೇ ಜಿಲ್ಲೆಯ ಡಿ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿಯೂ ಬಂದುವು. ಹಳ್ಳಿಯಲ್ಲಿ ಉಳುವ ಗೇಣಿದಾರನಿಗೆ ಭೂಮಿಯ ಹಕ್ಕು ದೊರೆಯಿತು. ಕೊಳಚೆಯ ಕೇರಿಯವನಿಗೆ ಹಕ್ಕುಪತ್ರವೆಂಬ ಆಸೆಯು ಹುಟ್ಟಿತು. ನಗರದ ಬಾಡಿಗೆಯ ಸಂಸಾರವು ಈ ಎರಡರ ನಡುವೆ ಯಾವ ಹೆಸರೂ ಇಲ್ಲದೆ ಉಳಿಯಿತು. ೧೯೮೮ರಲ್ಲಿ ಹಳೆಯ ಟ್ರಸ್ಟ್ ಬೋರ್ಡು ಮುಗಿದು ನಗರಾಭಿವೃದ್ಧಿ ಪ್ರಾಧಿಕಾರವು ಅದರ ಸ್ಥಾನಕ್ಕೆ ಬಂದಿತು. ಹೆಸರು ಬದಲಾದರೂ ಅದರ ಬಾಗಿಲಲ್ಲಿ ಜನರು ಕೇಳಿದ್ದು 'ಸೈಟ'ನ್ನೇ. ೨೦೨೧ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡವನ್ನು ಕೇಳಕೂಡದೆಂದಿದೆ. ಆದರೆ ಮಾದರಿಯೆಂಬುದು ರಾಜ್ಯಗಳಿಗೆ ಸಲಹೆಯೇ ಹೊರತು ಆಜ್ಞೆಯಲ್ಲ.

ಇಲ್ಲಿ ಎರಡು ಶಬ್ದಗಳನ್ನು ವಿಚಾರಿಸಬಹುದು. ಸಂಸ್ಕೃತದಲ್ಲಿ ನಿವೇಶನವೆಂದರೆ ನೆಲೆಸುವಿಕೆ, ವಾಸದ ಮನೆ. ಇಂದಿನ ಕನ್ನಡದಲ್ಲಿ ನಿವೇಶನವೆಂದರೆ ಯಾರೂ ವಾಸಿಸದ ಬಯಲು ತುಂಡು. ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಬೆಲೆ ಏರಲೆಂದು ಕಾಯುವ ಮುಳ್ಳುಗಿಡದ ಚೌಕಕ್ಕೂ ನಾವು ಆ ಹೆಸರನ್ನೇ ಕೊಡುತ್ತೇವೆ. ಶಬ್ದವು ಹೀಗೆ ತಲೆಕೆಳಗಾದದ್ದು ನಮ್ಮ ವಸತಿನೀತಿಯ ಸಂಕ್ಷಿಪ್ತ ಚರಿತ್ರೆಯೇ ಆಗಿದೆ. ಇನ್ನೊಂದು ಅಚ್ಚಕನ್ನಡದ ಒಕ್ಕಲು. ಮನೆತನಕ್ಕೂ ಒಕ್ಕಲೆನ್ನುವರು, ಪರರ ನೆಲದಲ್ಲಿ ನೆಲೆಸಿ ಬದುಕುವವನಿಗೂ ಒಕ್ಕಲೆನ್ನುವರು. ಒಡೆತನವಿಲ್ಲದಿದ್ದರೂ ಊರಿನ ಲೆಕ್ಕದಲ್ಲಿ ಅವನು ಒಂದು ಮನೆಯೇ. ಅದಕ್ಕಾಗಿಯೇ ಒಕ್ಕಲೆಬ್ಬಿಸುವುದೆಂಬ ಮಾತಿಗೆ ಕನ್ನಡದಲ್ಲಿ ಒಂದು ಅಮಂಗಲದ ಛಾಯೆಯಿದೆ.

೧೯೦೩ರ ಹಿರಿಯರು ರೋಗದ ಭಯದಿಂದಾದರೂ ಒಂದು ತತ್ತ್ವವನ್ನು ಒಪ್ಪಿದರು: ಜನರ ವಸತಿಯು ಊರಿನ ಹೊಣೆ, ಅದಕ್ಕೆ ಬೊಕ್ಕಸದ ಹಣವನ್ನು ತೊಡಗಿಸುವುದು ನಷ್ಟವಲ್ಲ. ಆ ತತ್ತ್ವದಿಂದ ಮೈಸೂರಿಗೆ ಬಂದ ಲಾಭವು ಬೀದಿಬೀದಿಯಲ್ಲಿಯೂ ಕಾಣುತ್ತಿದೆ. ಆದರೆ ಹಾಗೆ ಸಿದ್ಧವಾದ ನೆಲದಲ್ಲಿ ಒಂದು ಪಾಲನ್ನು ಮಾರದೆ ಉಳಿಸಿ, ಅಲ್ಲಿ ನಗರವೇ ಮನೆಗಳನ್ನು ಕಟ್ಟಿಸಿ, ಬಾಡಿಗೆ ಸಲ್ಲಿಸುವವರೆಗೆ ಯಾರೂ ಎಬ್ಬಿಸದ ಹಕ್ಕಿನಿಂದ ಕೊಟ್ಟಿದ್ದರೆ, ವಠಾರದ ಮೂರು ತಲೆಮಾರುಗಳ ಕಥೆಯು ಬೇರೆಯಾಗುತ್ತಿದ್ದಿತು. ಆ ಪಾಲನ್ನು ಉಳಿಸುವ ಕಾಲವು ಪೂರ್ತಿಯಾಗಿ ಮೀರಿಲ್ಲ. ನಗರದ ಅಂಚಿನಲ್ಲಿ ಇಂದಿಗೂ ಹೊಲಗಳಿಗೆ ಕಲ್ಲು ನೆಡುತ್ತಿದ್ದಾರೆ. ಬಾಡಿಗೆ ಸಲ್ಲಿಸಿದವನನ್ನು ಹೊರಕ್ಕೆ ತಳ್ಳುವುದು ಅಪರಾಧವೆಂದು ಬರೆದ ಓಲೆಯು ಇದೇ ಊರಿನ ಭಂಡಾರದಲ್ಲಿ ದೊರೆಯಿತು. ಅದನ್ನು ಓದಿ ಲೋಕಕ್ಕೆ ಕೊಟ್ಟ ಕೀರ್ತಿಯು ಮೈಸೂರಿನದಾಗಿರುವಾಗ, ಅದರಂತೆ ನಡೆಯುವ ಕೀರ್ತಿಯನ್ನು ಮಾತ್ರ ಬೇರೆಯ ಊರಿಗೆ ಬಿಟ್ಟುಕೊಡುವುದು ಉಚಿತವೆ?